ಗೋಡೆ ಬದಲಿಸಿದ ಬ್ಯಾಕ್ಟೀರಿಯಾಗೆ ಎರಡು ಲಾಭ

ನಮ್ಮ ಕಣ್ಣೀರಿನಲ್ಲಿ, ಎಂಜಲಿನಲ್ಲಿ ಲೈಸೋಜೈಮ್ ಅನ್ನುವ ಕಿಣ್ವ ಇದೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕತ್ತರಿಸುವುದು ಅದರ ಕೆಲಸ. ಇದನ್ನು 1922ರಲ್ಲಿ ಜಗತ್ತಿಗೆ ತಿಳಿಸಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಆರು ವರ್ಷದ ನಂತರ ಪೆನಿಸಿಲಿನ್ ಕಂಡವರೂ ಅವರೇ, ಅದರ ಗುರಿಯೂ ಅದೇ ಗೋಡೆ. ನಮ್ಮ ಮೈಯೂ ಔಷಧವೂ ಒಂದೇ ಜಾಗಕ್ಕೆ ಏಟು ಹಾಕುತ್ತವೆ ಅಂದಮೇಲೆ, ಒಂದು ಏಟಿನಿಂದ ತಪ್ಪಿಸಿಕೊಳ್ಳಲು ಗೋಡೆ ಬದಲಿಸಿದ ಬ್ಯಾಕ್ಟೀರಿಯಾ ಇನ್ನೊಂದರಿಂದಲೂ ಪಾರಾಗಬಹುದು, ಅಲ್ವಾ? ಎಷ್ಟೋ ಸಲ ಹಾಗೇ ಆಗುತ್ತದೆ.

ಈ ಗೋಡೆಯ ಮುಖ್ಯ ವಸ್ತು ಪೆಪ್ಟಿಡೋಗ್ಲೈಕಾನ್. ಉದ್ದುದ್ದ ಸಕ್ಕರೆ ಸರಪಳಿಗಳನ್ನು ಪುಟ್ಟ ಅಮೈನೋ ಆಮ್ಲದ ತುಂಡುಗಳು ಅಡ್ಡಡ್ಡ ಕಟ್ಟಿ ಹಾಕಿರುತ್ತವೆ, ಬಲೆ ಹೆಣೆದ ಹಾಗೆ. ಬಲೆ ಸಡಿಲಾದರೆ ಒಳಗಿನ ಒತ್ತಡಕ್ಕೆ ಕೋಶ ಒಡೆದೇ ಹೋಗುತ್ತದೆ. ಪೆನಿಸಿಲಿನ್ ತಡೆಯುವುದು ಈ ಗಂಟು ಹಾಕುವ ಕೆಲಸವನ್ನೇ. ನಮ್ಮ ಕೋಶಗಳಿಗೆ ಇಂಥ ಗೋಡೆ ಇಲ್ಲ, ಹಾಗಾಗಿ ಆ ಏಟು ನಮಗೆ ತಾಗುವುದಿಲ್ಲ.

1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪು ಮಾಡುವ ದಾರಿ ತೋರಿಸಿದರು. ಗ್ರಾಮ್ ಪಾಸಿಟಿವ್‌ಗಳ ಬಲೆ ದಪ್ಪ. ಗ್ರಾಮ್ ನೆಗೆಟಿವ್‌ಗಳ ಬಲೆ ತೆಳು, ಆದರೆ ಅದರ ಹೊರಗೆ ಇನ್ನೊಂದು ಪೊರೆ ಇದೆ.

ಮೊದಲ ಗುಂಪಿನ ಸ್ಟಫೈಲೋಕಾಕಸ್ ಆರಿಯಸ್ ನೋಡಿ. ಇದರ ಬಲೆಯಲ್ಲಿ ಟೈಕೋಯಿಕ್ ಆಮ್ಲದ ಎಳೆಗಳಿವೆ, ಅವಕ್ಕೆ ಋಣ ವಿದ್ಯುದಂಶ ಇದೆ. ನಮ್ಮ ಮೈ ಬಿಡುವ, ಬ್ಯಾಕ್ಟೀರಿಯಾ ಕೊಲ್ಲುವ ಪುಟ್ಟ ಪ್ರೋಟೀನ್‌ಗಳಾದ ಡಿಫೆನ್ಸಿನ್‌ಗಳಿಗೆ ಇರುವುದು ಧನ ವಿದ್ಯುದಂಶ, ಹಾಗಾಗಿ ಅವು ಸೀದಾ ಹೋಗಿ ಅಂಟಿಕೊಳ್ಳುತ್ತವೆ. ಅದಕ್ಕೇ ಈ ಬ್ಯಾಕ್ಟೀರಿಯಾ ಟೈಕೋಯಿಕ್ ಆಮ್ಲಕ್ಕೆ ಡಿ-ಅಲನೈನ್ ಸೇರಿಸಿ ಋಣ ಅಂಶವನ್ನು ತಗ್ಗಿಸಿಕೊಳ್ಳುತ್ತದೆ. ಈ ಕೆಲಸದ ಜೀನ್ ತೆಗೆದು ನೋಡಿದಾಗ ಇಲಿಗಳಲ್ಲಿ ಅದರ ರೋಗ ತರುವ ತಾಕತ್ತು ಕುಗ್ಗಿತು. ಇನ್ನೊಂದು ಕಡೆ, ಡ್ಯಾಪ್ಟೋಮೈಸಿನ್ ಔಷಧಕ್ಕೆ ಬಗ್ಗದ ಕೆಲವು ತಳಿಗಳಲ್ಲಿ ಇದೇ ಜೀನ್‌ಗಳು ಜಾಸ್ತಿ ಚುರುಕಾಗಿರುತ್ತವೆ. ಮೈಯ ಆಯುಧಕ್ಕೆಂದು ಮಾಡಿಕೊಂಡ ಏರ್ಪಾಡು ಔಷಧಕ್ಕೂ ಒದಗಿತು.

ಗ್ರಾಮ್ ನೆಗೆಟಿವ್‌ಗಳ ಹೊರಪೊರೆಯಲ್ಲಿ ಲಿಪೋಪಾಲಿಸ್ಯಾಕರೈಡ್ ಅನ್ನುವ, ಕೊಬ್ಬು-ಸಕ್ಕರೆ ಕೂಡಿದ ವಸ್ತು ಇದೆ. ಅದರ ಬುಡದ ತುಂಡು ಲಿಪಿಡ್ ಎ. ರಕ್ತದಲ್ಲಿ ಇದು ಸಿಕ್ಕರೆ ನಮ್ಮ ರೋಗರಕ್ಷಣೆ ರೇಗುತ್ತದೆ. ವಿಪರೀತ ರೇಗಿದರೆ ರಕ್ತದೊತ್ತಡ ಕುಸಿದು ಸಾವೂ ಬರಬಹುದು. ಎಷ್ಟೋ ಸಲ ಕೊಲ್ಲುವುದು ಬ್ಯಾಕ್ಟೀರಿಯಾ ಅಲ್ಲ, ನಮ್ಮದೇ ಕೋಪ.

ಪ್ಲೇಗ್ ಬ್ಯಾಕ್ಟೀರಿಯಾದ ಉಪಾಯ ಇನ್ನೂ ಜಾಣತನದ್ದು. ಚಿಗಟದ ತಂಪು ಮೈಯಲ್ಲಿದ್ದಾಗ ಅದು ಆರು ಬಾಲಗಳ, ಅಂದರೆ ಆರು ಕೊಬ್ಬಿನಾಮ್ಲದ ಎಳೆಗಳ, ಲಿಪಿಡ್ ಎ ಮಾಡುತ್ತದೆ. 37 ಡಿಗ್ರಿಯ ನಮ್ಮ ಮೈಗೆ ಬಂದ ಮೇಲೆ ಹೆಚ್ಚಾಗಿ ನಾಲ್ಕೇ ಬಾಲ. ನಮ್ಮ ಮೈಯ ಕಾವಲುಗಾರ ಟಿಎಲ್‌ಆರ್4ಗೆ ನಾಲ್ಕು ಬಾಲದ್ದು ಸರಿಯಾಗಿ ಗುರುತು ಸಿಗುವುದಿಲ್ಲ. ಬಿಸಿಯಲ್ಲೂ ಆರು ಬಾಲ ಮಾಡುವ ಹಾಗೆ ಜೀನ್ ತಿದ್ದಿದ ಪ್ಲೇಗ್ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಚುಚ್ಚಿದಾಗ, ಅವು ಬದುಕಿಕೊಂಡವು. ಎರಡೇ ಎರಡು ಬಾಲದ ವ್ಯತ್ಯಾಸ!

ಲಿಪಿಡ್ ಎ ಔಷಧದ ಗುರಿಯೂ ಹೌದು. ಬೇರೆ ಯಾವುದೂ ಕೆಲಸ ಮಾಡದಾಗ ಕೊಡುವ ಕೊಲಿಸ್ಟಿನ್ ಅದರ ಫಾಸ್ಫೇಟ್‌ಗೆ ಹೋಗಿ ಅಂಟುತ್ತದೆ. ಬ್ಯಾಕ್ಟೀರಿಯಾ ಆ ಫಾಸ್ಫೇಟ್ ಮೇಲೆ ಫಾಸ್ಫೋಎಥನೋಲಮೈನ್ ಹೊದಿಸಿಬಿಟ್ಟರೆ ಕೊಲಿಸ್ಟಿನ್‌ಗೆ ಹಿಡಿತ ಸಿಗುವುದಿಲ್ಲ. ಈ ಹೊದಿಕೆಯ ಎಂಸಿಆರ್-1 ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹರಡಬಲ್ಲದು ಎಂದು ಚೀನಾದಿಂದ 2015ರಲ್ಲಿ ವರದಿ ಬಂದಾಗ ವೈದ್ಯಲೋಕ ಗಾಬರಿಯಾದದ್ದು ಸುಮ್ನೆ ಅಲ್ಲ. ಕೊಲಿಸ್ಟಿನ್ ಪಡೆದ ರೋಗಿಗಳಿಂದ ತೆಗೆದ, ಆ ಔಷಧಕ್ಕೆ ಬಗ್ಗದ ಕೆಲವು ಅಸಿನೆಟೋಬ್ಯಾಕ್ಟರ್ (ಇದೂ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ) ತಳಿಗಳು ಮನುಷ್ಯರದೇ ಎಲ್‌ಎಲ್-37 ಎಂಬ ರಕ್ಷಕ ಪೆಪ್ಟೈಡ್‌ಗೂ ಜಗ್ಗುತ್ತಿರಲಿಲ್ಲ. ನನಗೆ ಎಲ್ಲಕ್ಕಿಂತ ಚಿಂತೆ ತರುವುದು ಈ ಸಂಗತಿ. ಔಷಧ ಆರಿಸಿಕೊಟ್ಟ ತಳಿ ನಮ್ಮ ಮೈಯನ್ನೂ ಎದುರಿಸಲು ಸಜ್ಜಾಗಿತ್ತು.

ಎಲ್ಲ ಬದಲಾವಣೆಯೂ ಹೀಗೆ ಎರಡು ಕಡೆ ಲಾಭ ತರುವುದಿಲ್ಲ. ವ್ಯಾಂಕೋಮೈಸಿನ್ ಅನ್ನುವ ಔಷಧ ಹಿಡಿಯುವುದು ಗೋಡೆಯ ಕೊನೆಯ ಎರಡು ಅಲನೈನ್‌ಗಳನ್ನು. ಎಂಟರೊಕಾಕಸ್ ಅನ್ನುವ ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾ ಕೊನೆಯದನ್ನು ಲ್ಯಾಕ್ಟೇಟ್‌ಗೆ ಬದಲಿಸಿದರೆ ಆ ಹಿಡಿತ ಸುಮಾರು 1000 ಪಟ್ಟು ಸಡಿಲವಾಗುತ್ತದೆ. ಆದರೆ ಇದಕ್ಕೆ ಖರ್ಚಿದೆ. ಅದಕ್ಕೇ ಹಲವು ತಳಿಗಳು ಔಷಧ ಹತ್ತಿರ ಬಂದಾಗ ಮಾತ್ರ ಈ ಜೀನ್‌ಗಳನ್ನು ಚಾಲೂ ಮಾಡುತ್ತವೆ.

ಕೆಲವು ಅಸಿನೆಟೋಬ್ಯಾಕ್ಟರ್‌ಗಳು ಇನ್ನೂ ಮುಂದೆ ಹೋಗಿ, ಕೊಲಿಸ್ಟಿನ್‌ನಿಂದ ತಪ್ಪಿಸಿಕೊಳ್ಳಲು ಲಿಪಿಡ್ ಎ ಇರುವ ಇಡೀ ಲಿಪೋಪಾಲಿಸ್ಯಾಕರೈಡನ್ನೇ ಕಳಚಿಬಿಡುತ್ತವೆ. ಅಂಟಲು ಗುರಿಯೇ ಇಲ್ಲ! ಆದರೆ ಹೊರಪೊರೆ ಸೋರುವಂತಾಗಿ, ಸಾಮಾನ್ಯವಾಗಿ ಒಳಗೆ ನುಗ್ಗಲಾಗದ ವ್ಯಾಂಕೋಮೈಸಿನ್ ಕೂಡ ಅವುಗಳನ್ನು ಕೊಲ್ಲತೊಡಗುತ್ತದೆ.