ಕ್ಲೀನ್ ಚಿಟ್: ಚೀಟಿ ಬರೆದವರು ಯಾರು?

ಅಮೆರಿಕದ ಕಾಲೇಜು ಆಟಗಾರನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬರುತ್ತದೆ. ಕೆಲವು ತಿಂಗಳ ನಂತರ ಅಲ್ಲಿನ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲರು, ಕೇಸು ಹಾಕುವುದಿಲ್ಲ ಎನ್ನುತ್ತಾರೆ. ನಮ್ಮಲ್ಲಿ ತಲೆಬರಹ ತಯಾರು: ‘ಫುಟ್‌ಬಾಲ್ ತಾರೆಗೆ ಕ್ಲೀನ್ ಚಿಟ್’. ವಿಶ್ವವಿದ್ಯಾಲಯದ ವಿಚಾರಣೆಯಲ್ಲಿ ಪಾರಾದರೂ ಕ್ಲೀನ್ ಚಿಟ್. ಕೋರ್ಟಿನಲ್ಲಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಾದ ಜ್ಯೂರಿ ಬಿಟ್ಟು ಕಳಿಸಿದರೂ ಕ್ಲೀನ್ ಚಿಟ್. ಕೋಚ್ ಮತ್ತೆ ಮೈದಾನಕ್ಕೆ ಇಳಿಸಿದರೆ ಅದಕ್ಕೂ ಅದೇ ಮಾತು. ಇವು ನಾಲ್ಕೂ ಬೇರೆ ಬೇರೆ ಜನ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಒಂದೇ ಪದದಲ್ಲಿ ಎಲ್ಲವನ್ನೂ ಸುತ್ತಿ ಕೊಟ್ಟರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಪದದ ಹುಟ್ಟು ನೋಡಿದರೆ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಚಿಟ್ ನಮ್ಮ ಚೀಟಿಯ ಹತ್ತಿರದ ನೆಂಟ. ಹಿಂದಿಯ ಚಿಟ್ಠೀ, ಮರಾಠಿಯ ಚಿಠ್ಠೀ ಬ್ರಿಟಿಷರ ಬಾಯಲ್ಲಿ ಬಾಲ ಕಳೆದುಕೊಂಡು ಚಿಟ್ ಆಯಿತು. ಆ ಕಾಲದ ಇಂಡಿಯಾ-ಇಂಗ್ಲಿಷ್ ಪದಗಳನ್ನೆಲ್ಲ ಗುಡ್ಡೆ ಹಾಕಿದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು 1886ರಲ್ಲಿ ಬಂತು. ಅದು ಈ ಪದಕ್ಕೆ ಕಾಗದ, ಪತ್ರ ಎಂಬ ಅರ್ಥದ ಜೊತೆ ಇನ್ನೊಂದನ್ನೂ ಕೊಡುತ್ತದೆ: ಕೆಲಸದವರಿಗೆ ಬರೆದುಕೊಡುವ ಸರ್ಟಿಫಿಕೇಟು. ದೊರೆ ಊರು ಬಿಡುವಾಗ ಬಟ್ಲರನಿಗೋ ಕುದುರೆ ನೋಡಿಕೊಳ್ಳುವವನಿಗೋ ‘ಇವನು ನಂಬಿಗಸ್ತ, ಕುಡಿಯುವುದಿಲ್ಲ, ಕೈ ಶುದ್ಧ’ ಅಂತ ಬರೆದುಕೊಡುತ್ತಿದ್ದ ಚೀಟಿ. ಅದನ್ನು ಹಿಡಿದುಕೊಂಡು ಹೋದರೆ ಮುಂದಿನ ದೊರೆಯ ಮನೆಯಲ್ಲಿ ಕೆಲಸ.

ಈ ಚೀಟಿಯ ಗುಣ ಗಮನಿಸಿ. ಅದು ಒಂದು ಘಟನೆಯ ಬಗ್ಗೆ ಹೇಳುವುದಿಲ್ಲ, ಇಡೀ ಮನುಷ್ಯನ ನಡತೆಯ ಬಗ್ಗೆ ಹೇಳುತ್ತದೆ. ಬರೆದವನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವನು. ಸಾಕ್ಷಿ, ಪುರಾವೆ, ಪಾಟೀ ಸವಾಲು ಯಾವುದೂ ಇಲ್ಲ. ಮುಖ್ಯವಾಗಿ, ಅವನಿಗೆ ಚೀಟಿ ಕೊಡುವ ಇಷ್ಟ ಇತ್ತು. ಈಗ ಹೇಳಿ, ಯಾವ ಪ್ರಾಸಿಕ್ಯೂಟರ್ ಆಟಗಾರನ ನಡತೆಗೆ ಇಂಥ ಸರ್ಟಿಫಿಕೇಟು ಕೊಡುತ್ತಾನೆ? ‘ಕ್ಲೀನ್ ಚಿಟ್’ ಎಂಬ ಜೋಡಿಪದವನ್ನು ಅಮೆರಿಕದವರ ಮುಂದೆ ಹೇಳಿದರೆ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ಖುಲಾಸೆ ಎಂದು ಬರೆಯುವವರೂ ಇದ್ದಾರೆ. ಅದು ಸ್ವಲ್ಪ ವಾಸಿ, ಆದರೆ ಅದಕ್ಕೆ ಕೋರ್ಟು ಬೇಕು. ಕೇಸೇ ಹಾಕದ ಮೇಲೆ ಖುಲಾಸೆ ಎಲ್ಲಿಂದ ಬರಬೇಕು?

ನಮ್ಮ ಗೊಂದಲಕ್ಕೆ ಒಂದು ನಿಜವಾದ ಕಾರಣವಿದೆ. ಇಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಇಲ್ಲದಿದ್ದರೆ ಕೇಸು ಮುಗಿಸಿ ಎನ್ನುವ ಬಿ ರಿಪೋರ್ಟ್. ಎರಡೂ ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಬಿ ರಿಪೋರ್ಟ್ ಒಪ್ಪಬೇಡಿ ಅಂತ ದೂರು ಕೊಟ್ಟವರು ತಕರಾರು ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಹಾಗಲ್ಲ. ಪೊಲೀಸರು ತನಿಖೆ ಮಾಡಿ ಕಡತವನ್ನು ಪ್ರಾಸಿಕ್ಯೂಟರ್‌ಗೆ ಕೊಡುತ್ತಾರೆ. ಕೇಸು ಹಾಕಬೇಕೋ ಬೇಡವೋ ಅನ್ನುವುದು ಬಹುಮಟ್ಟಿಗೆ ಅವರೊಬ್ಬರ ಕೈಯಲ್ಲಿ. ಬೇಡ ಅಂದರೆ ನ್ಯಾಯಾಧೀಶರ ಒಪ್ಪಿಗೆಯೂ ಬೇಕಿಲ್ಲ, ದೂರುದಾರಳಿಗೆ ಹೋಗಲು ಹೆಚ್ಚು ದಾರಿಯೂ ಉಳಿಯುವುದಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಈ ಪ್ರಾಸಿಕ್ಯೂಟರ್ ಮತದಾರರಿಂದ ಆರಿಸಿ ಬಂದವರು. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಇಡೀ ಊರು ಕ್ರೀಡಾಂಗಣದಲ್ಲಿ ಇರುವ ಜಾಗಗಳಲ್ಲಿ ಇದು ಸಣ್ಣ ವಿಷಯ ಅಲ್ಲ.

ಆ ಪ್ರಾಸಿಕ್ಯೂಟರ್ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಜ್ಯೂರಿಗೆ ಸಂಶಯಕ್ಕೆ ಜಾಗವಿಲ್ಲದಂತೆ ಇದನ್ನು ಸಾಬೀತು ಮಾಡಲು ನನ್ನ ಕೈಲಿ ಆಗುತ್ತದಾ? ‘ಆಗುವುದಿಲ್ಲ’ ಎಂಬುದು ‘ನಡೆದಿಲ್ಲ’ ಎಂದು ಅಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ಇದೆ, ವಿಶ್ವವಿದ್ಯಾಲಯದ್ದು. ಅದರ ಬೇರು 1972ರ ಟೈಟಲ್ ನೈನ್ ಎಂಬ ಕಾಯ್ದೆ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಹೆಣ್ಣು ಗಂಡು ಎಂಬ ಭೇದದಿಂದ ಯಾರೂ ಹೊರಗೆ ಉಳಿಯಬಾರದು, ಅಷ್ಟೇ ಅದರ ಸಾರ. ಲೈಂಗಿಕ ದೌರ್ಜನ್ಯವನ್ನು ಸಂಸ್ಥೆ ನೋಡಿಯೂ ನೋಡದಂತೆ ಇದ್ದರೆ ಹುಡುಗಿಯ ಓದು ಹಾಳಾಗುತ್ತದೆ, ಅದೂ ಭೇದವೇ ಎಂದು ಕೋರ್ಟುಗಳು ನಂತರ ಹೇಳಿದವು. ಹಾಗಾಗಿ ಪೊಲೀಸರು ಏನೇ ಮಾಡಲಿ, ದೂರು ಬಂದರೆ ವಿಶ್ವವಿದ್ಯಾಲಯ ತಾನೂ ವಿಚಾರಿಸಬೇಕು. ಅಲ್ಲಿ ‘ಅಪರಾಧಿ’ ಎಂಬ ಪದವೇ ಇಲ್ಲ. ‘ಹೊಣೆಗಾರ’ ಅಥವಾ ‘ಹೊಣೆಗಾರನಲ್ಲ’ ಎನ್ನುತ್ತಾರೆ. ಹೆಚ್ಚೆಂದರೆ ಡಿಬಾರ್ ಮಾಡಬಹುದು, ಜೈಲಿಗೆ ಕಳಿಸಲು ಆಗುವುದಿಲ್ಲ. ಸಾಕ್ಷಿಯ ಅಳತೆಯೂ ಬೇರೆ. ತಕ್ಕಡಿ ಒಂದು ಕಡೆ ಚೂರು ವಾಲಿದರೂ ಸಾಕು ಎಂಬುದು ಹೆಚ್ಚು ಕಡೆ ಇರುವ ನಿಯಮ.

ನಿಯಮ ಮಾತ್ರ ಸರ್ಕಾರ ಬದಲಾದ ಹಾಗೆ ಹಿಂದೆ ಮುಂದೆ ಆಗುತ್ತಲೇ ಇದೆ. 2011ರಲ್ಲಿ ಒಬಾಮಾ ಆಡಳಿತ ಈ ತಕ್ಕಡಿ ಅಳತೆಯನ್ನೇ ಬಳಸಿ ಎಂದು ಪತ್ರ ಬರೆಯಿತು. 2017ರಲ್ಲಿ ಟ್ರಂಪ್ ಆಡಳಿತ ಅದನ್ನು ವಾಪಸ್ ತೆಗೆದುಕೊಂಡಿತು. 2020ರ ನಿಯಮ ಎದುರುಬದುರು ವಿಚಾರಣೆ, ಪಾಟೀ ಸವಾಲು ತಂದಿತು. ಬೈಡನ್ ಆಡಳಿತ 2024ರಲ್ಲಿ ಅದನ್ನು ಬದಲಿಸಿತು. 2025ರ ಜನವರಿಯಲ್ಲಿ ಕೆಂಟಕಿಯ ಫೆಡರಲ್ ಕೋರ್ಟು ಆ ಬದಲಾವಣೆಯನ್ನು ರದ್ದು ಮಾಡಿತು. ಈಗ ಮತ್ತೆ 2020ರದ್ದೇ.

ಎರಡು ದಾರಿ ಬೇರೆ ಎಂಬುದು ಆಟಗಾರರಿಗೇ ತಿಳಿಯದೆ ಆದ ರಂಪಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯ ಸಾಕ್ಷಿ. 2016ರ ಸೆಪ್ಟೆಂಬರ್ 2ರ ಬೆಳಗಿನ ಜಾವ ತನ್ನ ಮೇಲೆ ಹಲವು ಫುಟ್‌ಬಾಲ್ ಆಟಗಾರರು ದೌರ್ಜನ್ಯ ಮಾಡಿದರು ಎಂದು ಒಬ್ಬ ಹೆಣ್ಣುಮಗಳು ದೂರು ಕೊಟ್ಟಳು. ಒಪ್ಪಿಗೆ ಇತ್ತು ಎಂದು ಆಟಗಾರರು ಹೇಳಿದರು. ಅಕ್ಟೋಬರ್‌ನಲ್ಲಿ ಹೆನ್ನೆಪಿನ್ ಕೌಂಟಿಯ ಪ್ರಾಸಿಕ್ಯೂಟರ್ ಮೈಕ್ ಫ್ರೀಮನ್ ಕೇಸು ಹಾಕುವುದಿಲ್ಲ ಎಂದರು. ಕತೆ ಮುಗಿಯಿತು ಅಂದುಕೊಂಡವರೇ ಜಾಸ್ತಿ. ಆದರೆ ವಿಶ್ವವಿದ್ಯಾಲಯದ ಸಮಾನ ಅವಕಾಶ ಕಚೇರಿ ತನ್ನ ಪಾಡಿಗೆ ವಿಚಾರಣೆ ಮಾಡುತ್ತಲೇ ಇತ್ತು. ಡಿಸೆಂಬರ್‌ನಲ್ಲಿ 10 ಆಟಗಾರರನ್ನು ತಂಡದಿಂದ ಅಮಾನತು ಮಾಡಿದರು.

ಇಡೀ ತಂಡ ಸಿಟ್ಟಿಗೆದ್ದಿತು. ಡಿಸೆಂಬರ್ 15ರ ಸಂಜೆ ಆಟಗಾರರು ತಂಡದ ಜೆರ್ಸಿ ಹಾಕಿಕೊಂಡೇ ಒಟ್ಟಿಗೆ ನಿಂತು ಹೇಳಿಕೆ ಓದಿದರು: ಅಮಾನತು ವಾಪಸ್ ಆಗುವವರೆಗೆ ಅಭ್ಯಾಸ ಇಲ್ಲ, ಋತುವಿನ ಕೊನೆಗೆ ಆಡಬೇಕಿದ್ದ ಹಾಲಿಡೇ ಬೌಲ್ ಪಂದ್ಯವೂ ಇಲ್ಲ. ಪ್ರಾಸಿಕ್ಯೂಟರ್ ಬಿಟ್ಟ ಮೇಲೂ ಶಿಕ್ಷೆಯಾ ಎಂಬುದೇ ಅವರ ಪ್ರಶ್ನೆ. ಕೋಚ್ ಟ್ರೇಸಿ ಕ್ಲೇಸ್ ನಮ್ಮ ಹುಡುಗರ ಬಗ್ಗೆ ಹೆಮ್ಮೆ ಎಂದು ಟ್ವೀಟ್ ಮಾಡಿದರು. ವಿದ್ಯಾರ್ಥಿಗಳ ಮಾಹಿತಿ ಗುಟ್ಟಾಗಿಡಬೇಕು ಎಂಬ ಕಾನೂನು ಇರುವುದರಿಂದ ಆಡಳಿತ ಬಾಯಿ ಬಿಡುವಂತಿರಲಿಲ್ಲ. ಮರುದಿನ 80 ಪುಟದ ವಿಚಾರಣಾ ವರದಿ ಸ್ಥಳೀಯ ಟಿವಿ ಚಾನೆಲ್‌ನ ಕೈ ಸೇರಿತು, ಊರೆಲ್ಲ ಓದಿತು. ಅದರ ಮರುದಿನ ಬಹಿಷ್ಕಾರ ಮುಗಿಯಿತು.

ಡಿಸೆಂಬರ್ 30ರಂದು ಫ್ರೀಮನ್ ಆ ವರದಿಯನ್ನೂ ನೋಡಿ ಮತ್ತೆ ಕೇಸು ಹಾಕುವುದಿಲ್ಲ ಎಂದರು. ಅದೇ ಉಸಿರಿನಲ್ಲಿ ಆ ನಡವಳಿಕೆ ಹೇಯ ಎಂದೂ ಹೇಳಿದರು. ಯಾವ ಚೀಟಿ ಇದು? ಜನವರಿ 3ರಂದು ಕೋಚ್ ಕೆಲಸ ಹೋಯಿತು. ಮುಂದಿನ ವಿಚಾರಣೆಯಲ್ಲಿ 10 ಆಟಗಾರರಲ್ಲಿ ಕೆಲವರಿಗೆ ಶಿಕ್ಷೆ ಆಯಿತು, ಕೆಲವರು ಹೊಣೆಗಾರರಲ್ಲ ಎಂದಾಯಿತು. ಅಮಾನತಾದವರಲ್ಲಿ ಎಲ್ಲರೂ ತಪ್ಪು ಮಾಡಿದವರು ಎಂದು ಬರೆಯುವುದೂ ಅಷ್ಟೇ ಸೋಮಾರಿತನ.

ಇನ್ನು ಪೊಲೀಸರ ಕಡೆಗೆ ಬರೋಣ. ‘ಸಾಕಷ್ಟು ಸಾಕ್ಷಿ ಇಲ್ಲ’ ಎಂಬ ಮಾತು ಬಂದಾಗ ಸಾಕ್ಷಿ ಇರಲಿಲ್ಲವೋ, ಯಾರೂ ಎತ್ತಿಡಲಿಲ್ಲವೋ ಅಂತ ಕೇಳಬೇಕು. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ಪ್ರಕರಣ ನೋಡಿ. ದೂರು ಬಂದದ್ದು 2012ರ ಡಿಸೆಂಬರ್‌ನಲ್ಲಿ. ಒಪ್ಪಿಗೆ ಇತ್ತು ಎಂದೇ ಅವರು ಮೊದಲಿಂದ ಹೇಳಿಕೊಂಡು ಬಂದಿದ್ದಾರೆ. ಆ ಹುಡುಗಿ ಅಂದು ರಾತ್ರಿ ಇದ್ದ ಬಾರ್‌ನಲ್ಲಿ 30ಕ್ಕೂ ಜಾಸ್ತಿ ಕ್ಯಾಮೆರಾ ಇದ್ದವು, ಟಲ್ಲಹಾಸಿ ಪೊಲೀಸರು ಆ ದೃಶ್ಯಗಳನ್ನು ಸಮಯಕ್ಕೆ ತರಿಸಿಕೊಳ್ಳಲಿಲ್ಲ. ಜೊತೆಯ ಆಟಗಾರನೊಬ್ಬ ಫೋನಿನಲ್ಲಿ ತೆಗೆದ ವಿಡಿಯೊ ಅಳಿಸಿ ಹೋಗಿತ್ತು. ಆರೋಪಿಯ ಡಿಎನ್‌ಎ ಮಾದರಿ ತೆಗೆದುಕೊಂಡದ್ದು ಸುಮಾರು 11 ತಿಂಗಳಾದ ಮೇಲೆ, ಪ್ರಾಸಿಕ್ಯೂಟರ್ ಕಚೇರಿ ಕೈ ಹಾಕಿದಾಗ. 2013ರ ಡಿಸೆಂಬರ್ 5ರಂದು ಪ್ರಾಸಿಕ್ಯೂಟರ್ ವಿಲ್ಲಿ ಮೆಗ್ಸ್ ಕೇಸು ಹಾಕುವುದಿಲ್ಲ ಎಂದರು. ಒಂಬತ್ತು ದಿನಕ್ಕೆ ವಿನ್‌ಸ್ಟನ್ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ವೈಯಕ್ತಿಕ ಪ್ರಶಸ್ತಿಯಾದ ಹೈಸ್ಮನ್ ಟ್ರೋಫಿ ಎತ್ತಿದರು.

ಒಂದು ವರ್ಷದ ನಂತರ ವಿಶ್ವವಿದ್ಯಾಲಯ ಫ್ಲೋರಿಡಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮೇಜರ್ ಹಾರ್ಡಿಂಗ್ ಅವರಿಂದ ವಿಚಾರಣೆ ಮಾಡಿಸಿತು. ಇಬ್ಬರ ಮಾತಿನಲ್ಲಿ ಒಂದು ಇನ್ನೊಂದಕ್ಕಿಂತ ಬಲವಾಗಿದೆ ಎಂದು ತಮಗೆ ಅನಿಸಲಿಲ್ಲ ಎಂದು ಅವರು ಬರೆದರು. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ, ಹಾಗಾಗಿ ಹೊಣೆಗಾರನಲ್ಲ. ಹುಡುಗಿ ಸುಳ್ಳು ಹೇಳಿದಳು ಎಂದು ಅದರಲ್ಲಿ ಎಲ್ಲೂ ಇಲ್ಲ. 2016ರ ಜನವರಿಯಲ್ಲಿ ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಳ್ಳದೆಯೇ 9,50,000 ಡಾಲರ್ ಕೊಟ್ಟು ಅವಳು ಹೂಡಿದ್ದ ಟೈಟಲ್ ನೈನ್ ದಾವೆಯನ್ನು ರಾಜಿ ಮಾಡಿಕೊಂಡಿತು. ‘ಅಂದರೆ ಅವನು ಮಾಡಿದ್ದು ನಿಜ’ ಅಂತ ತೀರ್ಮಾನಿಸುವವರಿಗೂ ಇದೇ ಉತ್ತರ: ರಾಜಿ ಕೂಡ ತೀರ್ಪಲ್ಲ.

ಸಂಸ್ಥೆ ಸರಿಯಾಗಿ ನಡೆದುಕೊಂಡರೆ ಏನಾಗುತ್ತದೆ ಎಂಬುದು ವ್ಯಾಂಡರ್‌ಬಿಲ್ಟ್‌ನಲ್ಲಿ ಕಾಣುತ್ತದೆ. 2013ರ ಜೂನ್‌ನಲ್ಲಿ ಬೇರೆ ಯಾವುದೋ ಕಾರಣಕ್ಕೆ ಹಾಸ್ಟೆಲ್ ಓಣಿಯ ಕ್ಯಾಮೆರಾ ನೋಡುತ್ತಿದ್ದ ಕ್ಯಾಂಪಸ್ ಸಿಬ್ಬಂದಿಗೆ ಪ್ರಜ್ಞೆ ಇಲ್ಲದ ಹುಡುಗಿಯನ್ನು ಫುಟ್‌ಬಾಲ್ ಆಟಗಾರರು ಹೊತ್ತು ತರುವುದು ಕಂಡಿತು. ವಿಷಯ ನ್ಯಾಶ್‌ವಿಲ್ ನಗರ ಪೊಲೀಸರಿಗೆ ಹೋಯಿತು. ನಾಲ್ವರ ಮೇಲೆ ಕೇಸು ಬಿತ್ತು. ಇಬ್ಬರನ್ನು 2015ರ ಜನವರಿಯಲ್ಲಿ ಜ್ಯೂರಿ ಅಪರಾಧಿಗಳು ಎಂದಿತು. ಜ್ಯೂರಿಯ ಒಬ್ಬ ಸದಸ್ಯ ತನ್ನ ಹಿನ್ನೆಲೆ ಮುಚ್ಚಿಟ್ಟಿದ್ದ ಎಂದು ಆ ತೀರ್ಪು ಬಿದ್ದುಹೋಯಿತು. ಆಗಲೂ ಯಾರಿಗೂ ‘ಚಿಟ್’ ಸಿಕ್ಕಿರಲಿಲ್ಲ. 2016ರಲ್ಲಿ ಮತ್ತೆ ವಿಚಾರಣೆ ನಡೆದು ಒಬ್ಬನಿಗೆ 15, ಇನ್ನೊಬ್ಬನಿಗೆ 17 ವರ್ಷ ಆಯಿತು.

ಹಾಗಾದರೆ ಈ ಪದ ಎಲ್ಲಿಯೂ ಸರಿಹೋಗುವುದೇ ಇಲ್ಲವಾ? ಹೋಗುತ್ತದೆ, ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡು ಆಡುವ ಆಟ) ತಂಡದ ಪ್ರಕರಣದಲ್ಲಿ. 2006ರ ಮಾರ್ಚ್‌ನ ದೂರು ಅದು. 46 ಆಟಗಾರರ ಡಿಎನ್‌ಎ ತೆಗೆದರು, ದೂರಿಗೆ ತಾಳೆ ಆಗಲಿಲ್ಲ. ಆದರೂ ಪ್ರಾಸಿಕ್ಯೂಟರ್ ಮೈಕ್ ನಿಫಾಂಗ್ ಚುನಾವಣೆ ಎದುರಿಗಿಟ್ಟುಕೊಂಡು ಮೂವರ ಮೇಲೆ ಕೇಸು ಹಾಕಿಸಿದರು, ಆರೋಪಿಗಳಿಗೆ ಅನುಕೂಲವಾಗುವ ಡಿಎನ್‌ಎ ಮಾಹಿತಿ ಮುಚ್ಚಿಟ್ಟರು. ವಿಶ್ವವಿದ್ಯಾಲಯ ಅಷ್ಟರಲ್ಲಿ ತಂಡದ ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿತ್ತು, ಕೋಚ್ ರಾಜೀನಾಮೆ ಕೊಟ್ಟಾಗಿತ್ತು. 2007ರ ಏಪ್ರಿಲ್ 11ರಂದು ನಾರ್ತ್ ಕ್ಯಾರೊಲಿನಾದ ಅಟಾರ್ನಿ ಜನರಲ್ ರಾಯ್ ಕೂಪರ್ ಕೇಸು ಕೈಬಿಟ್ಟರು. ಸಾಕ್ಷಿ ಸಾಲದು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ಈ ಮೂವರೂ ನಿರಪರಾಧಿಗಳು ಎಂದು ಬಾಯಿಬಿಟ್ಟು ಹೇಳಿದರು. ಆ ಕುರ್ಚಿಯಲ್ಲಿ ಕೂತವರು ಆ ಪದ ಆಡುವುದು ತೀರಾ ಅಪರೂಪ. ಅದೇ ವರ್ಷ ನಿಫಾಂಗ್ ವಕೀಲಿಕೆಯ ಸನದು ಕಳೆದುಕೊಂಡರು, ಒಂದು ದಿನ ಜೈಲಿನಲ್ಲೂ ಇದ್ದರು. ಚೀಟಿಯ ಮಾತು ಬೇಕೇ ಬೇಕು ಅನ್ನುವವರು ಇಂಥ ಕಡೆ ಬಳಸಲಿ.

ಕೊನೆಯದಾಗಿ ಸಂಸ್ಥೆಗಳಿಗೆ ಸಿಗುವ ಕ್ಲೀನ್ ಚಿಟ್. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಟಗಾರರ ಮೇಲಿನ ದೂರುಗಳನ್ನು ವರ್ಷಗಟ್ಟಲೆ ಒಳಗೊಳಗೇ ತಡೆದಿದ್ದರು ಎಂದು 2016ರಲ್ಲಿ ಹೊರಗಿನ ವಕೀಲರ ತಂಡವೊಂದು ಪತ್ತೆ ಮಾಡಿತು. ಕೋಚ್ ಆರ್ಟ್ ಬ್ರೈಲ್ಸ್ ಕೆಲಸ ಹೋಯಿತು. ಅಧ್ಯಕ್ಷ ಕೆನ್ ಸ್ಟಾರ್ ಕುರ್ಚಿಯೂ ಹೋಯಿತು. ಹೌದು, ಅಮೆರಿಕದ ಅಧ್ಯಕ್ಷರಾಗಿದ್ದ ಕ್ಲಿಂಟನ್ ಮೇಲೆ ತನಿಖೆ ನಡೆಸಿ ಬೆನ್ನು ಬಿದ್ದಿದ್ದ ಅದೇ ಸ್ಟಾರ್. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ 2021ರ ಆಗಸ್ಟ್‌ನಲ್ಲಿ ತೀರ್ಮಾನ ಕೊಟ್ಟಿತು. ದೌರ್ಜನ್ಯದ ದೂರುಗಳನ್ನು ಮೇಲಕ್ಕೆ ತಿಳಿಸದೇ ಇದ್ದದ್ದಕ್ಕೆ ಶಿಕ್ಷೆ ಕೊಡಲು ಆಗುವುದಿಲ್ಲ ಎಂದಿತು. ಆದದ್ದು ಸರಿ ಎಂದಲ್ಲ, ಅದು ಒಪ್ಪತಕ್ಕದ್ದಲ್ಲ ಎಂದು ಸಮಿತಿಯೇ ಬರೆಯಿತು. ಅಡ್ಡ ಬಂದದ್ದು ನಿಯಮ ಪುಸ್ತಕ. ಆಟಗಾರನಿಗೆ ಯಾರು ಏನು ಉಡುಗೊರೆ ಕೊಡಬಹುದು ಎಂಬುದಕ್ಕೆ ಅದರಲ್ಲಿ ನಿಯಮಗಳಿದ್ದವು, ಇದಕ್ಕೆ ಇರಲಿಲ್ಲ. ಬೇರೆ ಉಲ್ಲಂಘನೆಗಳಿಗೆ ನಾಲ್ಕು ವರ್ಷದ ಪ್ರೊಬೇಷನ್ ಅಂದರೆ ನಿಗಾ, ಜೊತೆಗೆ 5,000 ಡಾಲರ್ ದಂಡ ಹಾಕಿ ಕಡತ ಮುಚ್ಚಿದರು.