3 ಟೆಸ್ಲಾ ಮಾಡಿಸಿದರೆ ವಾಯುಕೋಶ ಕಾಣುತ್ತವೆಯೇ?

ಪ್ರಶ್ನೆ: ಸರ್, ನಮ್ಮಪ್ಪಾರಿಗೆ ಎಂಫಿಸೀಮಾ (ಶ್ವಾಸಕೋಶದ ಗಾಳಿ ಚೀಲ ಹರಿಯೋ ರೋಗ) ಅಂತ ಹೇಳ್ಯಾರ. ಗ್ಯಾಸ್ ಎಳಕೊಂಡು ಎಂಆರ್‌ಐ ಮಾಡಿಸಿದ್ರ ಶ್ವಾಸಕೋಶದ ಸಣ್ಣ ಸಣ್ಣ ಚೀಲನೂ ಫೋಟೋದಾಗ ಕಾಣ್ತಾವಂತ. 3 ಟೆಸ್ಲಾ ಮಷೀನಿನ್ಯಾಗ ಮಾಡಿಸ್ಲೇನ್ರಿ?

ಮಾಡಿಸಬೇಡಿ. ಆ ಪರೀಕ್ಷೆ ಬಳ್ಳಾರಿಯಲ್ಲಿಲ್ಲ, ರಾಯಚೂರಿನಲ್ಲಿಲ್ಲ, ಕೊಪ್ಪಳದಲ್ಲೂ ಇಲ್ಲ. ಅಪ್ಪಾರಿಗೆ ಈಗ ಬೇಕಾದದ್ದು ಸ್ಪೈರೋಮೆಟ್ರಿ (ಕೊಳವೆಯೊಳಗೆ ಊದಿ ಉಸಿರಿನ ಬಲ ಅಳೆಯುವ ಪರೀಕ್ಷೆ), ಡಾಕ್ಟರು ಹೇಳಿದರೆ ಒಂದು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್). ಮನೆಯಲ್ಲಿ ಬೀಡಿ, ಒಲೆ ಹೊಗೆ ಇದ್ದರೆ ಅದು ಮೊದಲು ನಿಲ್ಲಲಿ.

ಇನ್ನು ಟೆಸ್ಲಾ, ಅಂದರೆ ಮಷೀನಿನ ಕಾಂತದ ಬಲದ ಅಳತೆಯ ವಿಚಾರ. ಸ್ಕ್ಯಾನ್ ಸೆಂಟರಿನ ಕೌಂಟರಿನಲ್ಲಿ ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಸಂಡೂರಿನ ಗಣಿ ಲಾರಿ ಓಡಿಸಿದವರು, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿದವರು ಹಳೆಯ ಎಕ್ಸ್‌ರೇ ಕವರನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾರೆ. ಜೊತೆಗೆ ಬಂದ ಮಗನದು ಒಂದೇ ಮಾತು: "1.5 ಬ್ಯಾಡ್ರಿ, 3 ಟೆಸ್ಲಾನೇ ಹಾಕ್ರಿ." ಮೊಣಕಾಲಿಗೋ ಮೆದುಳಿಗೋ ಆದರೆ ಆ ಮಾತಿಗೆ ಅರ್ಥವಿದೆ. ಶ್ವಾಸಕೋಶಕ್ಕೆ ಅದು ಪೂರಾ ಉಲ್ಟಾ.

ನಮ್ಮ ಮಷೀನಿಗೆ ಸಂಕೇತ ಸಿಗುವುದು ಮುಖ್ಯವಾಗಿ ಮೈಯೊಳಗಿನ ನೀರಿನ ಹೈಡ್ರೋಜನ್‌ನಿಂದ. ಶ್ವಾಸಕೋಶದಲ್ಲಿ ಇರುವುದು ಬಹುಪಾಲು ಗಾಳಿ. ಸಾಲದ್ದಕ್ಕೆ ಗಾಳಿಯೂ ಅಂಗಾಂಶವೂ ಕೂಡುವ ಪ್ರತಿ ಗೋಡೆಯ ಹತ್ತಿರ ಕಾಂತಕ್ಷೇತ್ರ ಸೊಟ್ಟಗಾಗುತ್ತದೆ, ಅಂಥ ಗೋಡೆಗಳು ಅಲ್ಲಿ ಕೋಟಿಗಟ್ಟಲೆ. ಸಿಕ್ಕ ಚೂರು ಸಂಕೇತವೂ 1.5 ಟೆಸ್ಲಾದಲ್ಲಿ ಒಂದೆರಡು ಮಿಲಿಸೆಕೆಂಡಿಗೇ ಸಾಯುತ್ತದೆ. 3 ಟೆಸ್ಲಾದಲ್ಲಿ ಇನ್ನೂ ಬೇಗ. ಅದಕ್ಕೇ ಶ್ವಾಸಕೋಶದ ಸಂಶೋಧಕರು ಈಗ 0.55 ಟೆಸ್ಲಾದ ಕಡೆ ಹೊರಳಿದ್ದಾರೆ. ದುಡ್ಡು ಹೆಚ್ಚು ಕೊಟ್ಟು ಎದೆಗೂಡಿನೊಳಗೆ ಕಪ್ಪು ಜಾಗ ನೋಡಬೇಕೆಂದಿದ್ದರೆ ನಿಮ್ಮಿಷ್ಟ.

"ಹಂಗಾದ್ರ ಗ್ಯಾಸ್ ಹಾಕಿದ್ರ ಕಾಣ್ತಾವಲ್ರಿ?" ಇಲ್ಲ, ಆಗಲೂ ವಾಯುಕೋಶ, ಅಂದರೆ ನೀವು ಹೇಳುವ ಆ ಸಣ್ಣ ಚೀಲ, ಕಾಣುವುದಿಲ್ಲ! ಒಂದು ವಾಯುಕೋಶ ಸುಮಾರು 0.2 ಮಿಲಿಮೀಟರ್. ಗ್ಯಾಸ್ ಎಂಆರ್‌ಐ ಚಿತ್ರದ ಒಂದೊಂದು ಚುಕ್ಕೆಯೂ ಕೆಲವು ಮಿಲಿಮೀಟರ್ ಅಗಲ. ಆ ಒಂದು ಚುಕ್ಕೆಯಲ್ಲಿ ಸಾವಿರಾರು ವಾಯುಕೋಶಗಳು ಅಡಗಿರುತ್ತವೆ. ಫೋಟೋ ತೆಗೆಯದೆಯೇ ಅಳೆಯುತ್ತಾರೆ, ಜಾಣತನ ಇರುವುದೇ ಅಲ್ಲಿ.

ರಾತ್ರಿ ಹೊಲದಲ್ಲಿ ಕುರಿ ತರುಬಿರುತ್ತೀರಿ. ಕತ್ತಲಲ್ಲಿ ತಡಿಕೆ ಕಾಣುವುದಿಲ್ಲ. ಆದರೆ ಕುರಿ ಎಷ್ಟು ದೂರ ಹೋಗಿದೆ ಎಂದು ಗೊತ್ತಾದರೆ ತಡಿಕೆ ಗಟ್ಟಿಯಿದೆಯೋ ಮುರಿದಿದೆಯೋ ಹೇಳಬಹುದಲ್ಲ? ಒಳಗೆ ಎಳೆದುಕೊಂಡ ಗ್ಯಾಸಿನ ಪರಮಾಣುಗಳು ಕೆಲವೇ ಮಿಲಿಸೆಕೆಂಡಿನಲ್ಲಿ ಎಷ್ಟು ದೂರ ಅಲೆದವು ಎಂದು ಮಷೀನು ಲೆಕ್ಕ ಹಾಕುತ್ತದೆ. ಇದಕ್ಕೆ ಮೊದಲು ಬಳಸುತ್ತಿದ್ದ ಗ್ಯಾಸ್ ಹೀಲಿಯಂ-3. ಅದು ಬಯಲು ಗಾಳಿಯಲ್ಲಿ ಹರಡುವ ವೇಗ ಸೆಕೆಂಡಿಗೆ 0.88 ಚದರ ಸೆಂಟಿಮೀಟರ್. ಆರೋಗ್ಯವಂತರ ಶ್ವಾಸಕೋಶದಲ್ಲಿ ಗೋಡೆಗೆ ಬಡಿದು ಬಡಿದು ಅದು ಸುಮಾರು 0.2ಕ್ಕೆ ಇಳಿಯುತ್ತದೆ. ಎಂಫಿಸೀಮಾದಲ್ಲಿ ಗೋಡೆಗಳೇ ಹರಿದು ಸಣ್ಣ ಕೋಶಗಳು ಕೂಡಿ ದೊಡ್ಡದಾಗಿರುತ್ತವೆ, ಹಾಗಾಗಿ ಅಂಕಿ ಇದರ ಎರಡರಷ್ಟು, ಅದಕ್ಕೂ ಮೇಲೆ ಹೋಗುತ್ತದೆ. ಸ್ಪೈರೋಮೆಟ್ರಿ ನಾರ್ಮಲ್ ಇರುವ ಕೆಲವು ಧೂಮಪಾನಿಗಳಲ್ಲೂ ಈ ಅಂಕಿ ಏರಿರುವುದು ಕಂಡಿದೆ. ಎಕ್ಸ್‌ರೇ ಕಿರಣದ ಸೋಂಕೇ ಇಲ್ಲದೆ ಇಷ್ಟು ಗೊತ್ತಾಗುತ್ತದೆ ಎಂದರೆ, ಈ ಕಸುಬಿನವನಾದ ನನಗೆ ಸ್ವಲ್ಪ ಹೆಮ್ಮೆಯೇ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಕ್ಸೆನಾನ್-129 ಎಂಬ ಇನ್ನೊಂದು ಗ್ಯಾಸಿಗೆ ಒಪ್ಪಿಗೆ ಕೊಟ್ಟಿತು. ಅದು ಗಾಳಿ ಎಲ್ಲೆಲ್ಲಿ ತಲುಪುತ್ತದೆ ಎಂದು ನೋಡುವುದಕ್ಕೆ. ವಾಯುಕೋಶದ ಅಳತೆ ಇನ್ನೂ ಸಂಶೋಧನೆಯ ಪಾಲಿಗೇ ಇದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಹೀಲಿಯಂ ಬಿಟ್ಟು ಕ್ಸೆನಾನ್‌ಗೆ ಯಾಕೆ ಬಂದರು? ಹೀಲಿಯಂ-3 ಸಿಗುವುದು ಅಣ್ವಸ್ತ್ರಕ್ಕೆಂದು ಕೂಡಿಟ್ಟ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಕ್ಷಯಿಸಿದಾಗ. ಗಡಿ, ಬಂದರುಗಳಲ್ಲಿ ನ್ಯೂಟ್ರಾನ್ ಪತ್ತೆ ಯಂತ್ರಗಳಿಗೆ ಅದನ್ನೇ ತುಂಬತೊಡಗಿದ ಮೇಲೆ, 2008ರ ಆಚೀಚೆ ತೀರಾ ಅಭಾವವಾಯಿತು. ಕ್ಸೆನಾನ್ ನಾವು ಉಸಿರಾಡುವ ಗಾಳಿಯಲ್ಲೇ ಇದೆ, ಕೋಟಿ ಪಾಲಿಗೆ ಒಂದು ಪಾಲೂ ಇಲ್ಲ ಅಷ್ಟೆ. 2021ರಲ್ಲಿ ತೋರಣಗಲ್ಲಿನಿಂದ ಟ್ಯಾಂಕರುಗಳಲ್ಲಿ ಆಕ್ಸಿಜನ್ ಹೋಯಿತಲ್ಲ, ಅಂಥ ದೊಡ್ಡ ಆಕ್ಸಿಜನ್ ಘಟಕಗಳಲ್ಲಿ ಗಾಳಿಯನ್ನು ಬೇರ್ಪಡಿಸುವಾಗ ಕ್ಸೆನಾನನ್ನೂ ಹಿಡಿಯಬಹುದು.

ಹಾಗಂತ "ಸಿಲಿಂಡರ್ ತರಿಸಿಬಿಡ್ರಿ" ಅನ್ನಬೇಡಿ. ಸಿಲಿಂಡರಿನ ಕ್ಸೆನಾನ್‌ನಿಂದ ಸಂಕೇತ ಬಾರದು. ರುಬಿಡಿಯಂ ಆವಿಯ ಜೊತೆ ಸೇರಿಸಿ ಲೇಸರ್ ಹಾಯಿಸಿ ಅದನ್ನು ತಯಾರು ಮಾಡಬೇಕು. ಸ್ಕ್ಯಾನರಿಗೂ ಕ್ಸೆನಾನಿನ ತರಂಗಾಂತರಕ್ಕೆ ಹೊಂದುವ ಬೇರೆ ಕಾಯಿಲ್ (ಸಂಕೇತ ಹಿಡಿಯುವ ತಂತಿ ಸುರುಳಿ) ಬೇಕು. ಶ್ವಾಸಕೋಶದೊಳಗೆ ಹೋದರೆ ಆಕ್ಸಿಜನ್ ಅದನ್ನು 20 ಸೆಕೆಂಡಿನ ಆಸುಪಾಸಿನಲ್ಲಿ ಕೆಡಿಸಿಬಿಡುತ್ತದೆ, ರೋಗಿ ಉಸಿರು ಹಿಡಿದಿರುವಷ್ಟರಲ್ಲೇ ಸ್ಕ್ಯಾನ್ ಮುಗಿಯಬೇಕು. ಹೈದರಾಬಾದಿನಿಂದ ಬಸ್ಸಿಗೆ ಹಾಕಿ ಕಳಿಸುವ ಮಾಲಲ್ಲ ಅದು.