ಮೂರು ಮಾನಿಟರ್ ಸರಿ, ಆಟ ಎಷ್ಟರ ಮೇಲೆ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪಿಸಿ ಜೋಡಿಸಿ ಕೊಡುವುದೇ ನನ್ನ ಕೆಲಸ. ಅಂಗಡಿಗೆ ಬರುವ ಹುಡುಗರು ಒಂದೇ ಮಾತು ಕೇಳುತ್ತಾರೆ: "ಅಣ್ಣ, ಮೂರು ಮಾನಿಟರ್ ಹಾಕ್ಬೇಕು, ಯಾವ ಕಾರ್ಡ್ ಬೇಕು?" ಕಾರ್ಡ್ ಅಂದರೆ ಗ್ರಾಫಿಕ್ಸ್ ಕಾರ್ಡ್, ಪರದೆಯ ಚಿತ್ರವನ್ನು ಲೆಕ್ಕ ಹಾಕಿ ಕಳಿಸುವ ಭಾಗ. ನಾನು ತಿರುಗಿ ಕೇಳುವುದೂ ಒಂದೇ. "ಆಟ ಎಷ್ಟು ಮಾನಿಟರ್ ಮೇಲೆ ಓಡ್ಬೇಕಪ್ಪಾ?" ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ದುಡ್ಡು ಹಾಳಾಗುವುದು ಇಲ್ಲೇ.

ಈಚೆಗೆ ತಿಪಟೂರು ಕಡೆಯಿಂದ ಅಪ್ಪ ಮಗ ಬಂದಿದ್ದರು. ತೆಂಗಿನ ತೋಟದವರು. ಮಗ ಇಂಜಿನಿಯರಿಂಗ್ ಮೊದಲ ವರ್ಷ. ಚೀಟಿಯಲ್ಲಿ 24 ಜಿಬಿ ಮೆಮೊರಿಯ ಕಾರ್ಡಿನ ಹೆಸರು ಬರೆದುಕೊಂಡು ಬಂದಿದ್ದ. ಲಕ್ಷ ದಾಟುವ ಕಾರ್ಡ್ ಅದು. "ಮೂರು ಮಾನಿಟರ್‌ಗೆ ಇದೇ ಬೇಕಂತೆ ಅಣ್ಣ" ಅಂದ. ಅಪ್ಪ ಏನೂ ಮಾತಾಡಲಿಲ್ಲ. ಚೀಟಿಯನ್ನೊಮ್ಮೆ ನೋಡಿ ನನ್ನ ಮುಖ ನೋಡಿದರು.

ಯಾವ ಗೇಮ್ ಅಂತ ಕೇಳಿದೆ. ವ್ಯಾಲರಂಟ್. ನಡುವಿನ ಮಾನಿಟರ್‌ನಲ್ಲಿ ಆಟ, ಎಡಕ್ಕೆ ಗೆಳೆಯರ ಜೊತೆ ಮಾತಾಡೋ ಡಿಸ್ಕಾರ್ಡ್, ಬಲಕ್ಕೆ ಯೂಟ್ಯೂಬ್. ಅಂದರೆ ಆಟದ ಲೆಕ್ಕದಲ್ಲಿ ಅವನಿಗೆ ಇರುವುದು ಒಂದೇ ಮಾನಿಟರ್. ಪಕ್ಕದ ಎರಡು ಬರೀ ಕಿಟಕಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟು ಸಲ ಹೇಳಿದರೂ ಜನ ಇಲ್ಲೇ ಎಡವುತ್ತಾರೆ. ಫುಲ್ ಎಚ್‌ಡಿ ಪರದೆ ಅಂದರೆ 1920 ಅಡ್ಡ, 1080 ಉದ್ದ; ಹತ್ತಿರ ಹತ್ತಿರ 21 ಲಕ್ಷ ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ. ಸುಮ್ನೆ ನಿಂತ ಚಿತ್ರ ತೋರಿಸೋಕೆ ಒಂದು ಪಿಕ್ಸೆಲ್‌ಗೆ 4 ಬೈಟ್ ಸಾಕು. ಇಡೀ ಪರದೆಗೆ 8 ಎಂಬಿ ಚಿಲ್ಲರೆ. ವಿಂಡೋಸ್ ಇನ್ನೂ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುತ್ತದೆ, ಬ್ರೌಸರ್ ಇನ್ನಷ್ಟು. ಆದರೂ 8 ಜಿಬಿ ಕಾರ್ಡಿಗೆ ಅದು ದೊಡ್ಡ ಹೊರೆಯಲ್ಲ. ಯೂಟ್ಯೂಬಿನಂಥ ವಿಡಿಯೋ ನಡೆಸೋಕೆ ಕಾರ್ಡಿನಲ್ಲಿ ಬೇರೆಯೇ ಭಾಗ ಇರುತ್ತದೆ, ಆಟದ ಕೆಲಸಕ್ಕೆ ಅದು ಅಷ್ಟಾಗಿ ಅಡ್ಡ ಬರುವುದಿಲ್ಲ.

ಆಟದ ಪರದೆ ಹಾಗಲ್ಲ. ಅಲ್ಲಿ ಪ್ರತಿ ಪಿಕ್ಸೆಲ್‌ನ ಬಣ್ಣ, ನೆರಳು, ಬೆಳಕನ್ನು ಕಾರ್ಡ್ ಸೆಕೆಂಡಿಗೆ 60 ಸಲವೋ 144 ಸಲವೋ ಹೊಸದಾಗಿ ಲೆಕ್ಕ ಹಾಕಬೇಕು. ಮೂರೂ ಪರದೆಗೆ ಆಟವನ್ನು ಹರಡಿದರೆ 5760 ಅಡ್ಡ, 1080 ಉದ್ದ. 62 ಲಕ್ಷ ಪಿಕ್ಸೆಲ್. ಒಂದು 4ಕೆ (3840 ಅಡ್ಡ, 2160 ಉದ್ದ) ಪರದೆಯಲ್ಲಿ ಇರುವುದು 83 ಲಕ್ಷ. ಅಂದರೆ ಮೂರು ಫುಲ್ ಎಚ್‌ಡಿ ಸೇರಿದರೆ 4ಕೆಯ ಮುಕ್ಕಾಲು ಪಾಲು. ಅದೇ 1440ರ (2560 ಅಡ್ಡ, 1440 ಉದ್ದ) ಮೂರು ಮಾನಿಟರ್ ಆದರೆ 1 ಕೋಟಿ 10 ಲಕ್ಷ. 4ಕೆಯನ್ನೂ ಮೀರುತ್ತದೆ! ಇದು ಅಂದಾಜಿನ ಅಳತೆ, ಗೇಮಿನಿಂದ ಗೇಮಿಗೆ ಬದಲಾಗುತ್ತದೆ. ಪಿಕ್ಸೆಲ್ ಮೂರು ಪಟ್ಟಾದರೆ ವೇಗ ಸರಿಯಾಗಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ ಅಂತಲೂ ಇಲ್ಲ, ಪ್ರೊಸೆಸರ್ ಕೂಡ ಲೆಕ್ಕಕ್ಕೆ ಬರುತ್ತದೆ. ಆದರೆ ಯಾವ ಸಾಲಿನ ಕಾರ್ಡ್ ನೋಡಬೇಕು ಅನ್ನೋಕೆ ಇಷ್ಟು ಸಾಕು.

ಆ ಹುಡುಗನಿಗೆ ಎನ್‌ವಿಡಿಯಾ ಕಂಪನಿಯ 8 ಜಿಬಿ ಕಾರ್ಡ್ ಆರ್‌ಟಿಎಕ್ಸ್ 4060 ಕೊಟ್ಟೆ. ಉಳಿದ ದುಡ್ಡಿನಲ್ಲಿ ಒಳ್ಳೆ ಕುರ್ಚಿ ತಗೋ ಅಂದೆ. ಅಪ್ಪನಿಗೆ ಸಮಾಧಾನ. ಮಗನಿಗೆ ಸ್ವಲ್ಪ ಬೇಜಾರು. ಆ ವಯಸ್ಸಿನಲ್ಲಿ ಅದು ಸಹಜ ಅಲ್ವಾ.

ಇದಕ್ಕೆ ತದ್ವಿರುದ್ಧ ತಪ್ಪು ಮಾಡುವವರೂ ಇದ್ದಾರೆ. ಅವರನ್ನು ನೋಡಿದರೆ ನನಗೆ ಹೆಚ್ಚು ಸಂಕಟ. ವೈಟ್‌ಫೀಲ್ಡ್‌ನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಮನೆಯಲ್ಲಿ ಕಾರ್ ರೇಸಿಂಗಿಗೆ ಅಂತಲೇ ಒಂದು ಕೋಣೆ ಮಾಡಿಕೊಂಡಿದ್ದಾರೆ. ಸ್ಟೀರಿಂಗ್, ಪೆಡಲ್, ಸೀಟು, ಎದುರಿಗೆ 27 ಇಂಚಿನ 1440 ಮಾನಿಟರ್ ಮೂರು. ಎಲ್ಲ ಮೊದಲ ದರ್ಜೆಯದು. ಕಾರ್ಡ್ ಮಾತ್ರ 8 ಜಿಬಿಯದು. ಬೇರೆ ಕಡೆ ಕೊಂಡಿದ್ದು. "ನಾಲ್ಕು ಪೋರ್ಟ್ ಇದೆಯಲ್ಲ, ಮೂರು ಮಾನಿಟರ್‌ಗೆ ಧಾರಾಳ" ಅಂತ ಹೇಳಿ ಕೊಟ್ಟಿದ್ದರಂತೆ. ಪೋರ್ಟ್ ಅಂದರೆ ಮಾನಿಟರ್‌ನ ವೈರ್ ಚುಚ್ಚುವ ಜಾಗ.

ಹೋಗಿ ಕೂತು ನೋಡಿದೆ. ಆಟವನ್ನು ನಡುವಿನ ಪರದೆಗೆ ಮಾತ್ರ ಕೊಟ್ಟಾಗ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ 90ರ ಆಸುಪಾಸು ಫ್ರೇಮ್ (ಹೊಸ ಚಿತ್ರ) ಅಂತ ತೋರಿಸುತ್ತಿತ್ತು. ಮೂರಕ್ಕೂ ಹರಡಿದ ಕೂಡಲೇ 30ರ ಹತ್ತಿರ. ತಿರುವಿನಲ್ಲಿ ನಾಲ್ಕು ಕಾರು ಒಟ್ಟಿಗೆ ಬಂದರೆ ಅದೂ ಇಲ್ಲ, ಸ್ಟೀರಿಂಗ್ ತಿರುಗಿಸಿದ ಮೇಲೆ ರಸ್ತೆ ತಿರುಗುತ್ತಿತ್ತು. ರೇಸಿಂಗಿನಲ್ಲಿ ಇನ್ನೂ ಒಂದು ತೊಂದರೆ ಇದೆ. ಪಕ್ಕದ ಮಾನಿಟರ್‌ಗಳನ್ನು ಓರೆಯಾಗಿ ಇಟ್ಟಿರುತ್ತೇವೆ. ಒಂದೇ ಅಗಲದ ಚಿತ್ರವನ್ನು ಮೂರಕ್ಕೆ ಎಳೆದರೆ ಅಂಚಿನ ಕಾರುಗಳು ಹಿಗ್ಗಿ ಕಾಣುತ್ತವೆ. ಹಾಗಾಗಿ ಒಳ್ಳೆ ರೇಸಿಂಗ್ ಗೇಮ್‌ಗಳು ಪ್ರತಿ ಪರದೆಗೂ ಬೇರೆ ಕೋನದಿಂದ ಚಿತ್ರ ಬಿಡಿಸುತ್ತವೆ. ಕಣ್ಣಿಗೆ ಹಿತ, ಆದರೆ ಹೊರೆ ಬರೀ ಪಿಕ್ಸೆಲ್ ಲೆಕ್ಕಕ್ಕಿಂತಲೂ ಜಾಸ್ತಿ ಆಗಬಹುದು. ಅಂಥ ಕೋಣೆಗೆ 16 ಜಿಬಿಗಿಂತ ಕಮ್ಮಿ ಕಾರ್ಡ್ ನಾನು ಹೇಳುವುದಿಲ್ಲ. ಪೋರ್ಟ್ ಅನ್ನೋದು ಬಾಗಿಲು ಅಷ್ಟೇ. ಮನೆಗೆ ನಾಲ್ಕು ಬಾಗಿಲು ಇದ್ದ ಮಾತ್ರಕ್ಕೆ ನಾನೂರು ಜನರಿಗೆ ಅಡುಗೆ ಆಗುತ್ತದಾ?

ಎರಡು ಕಾರ್ಡ್ ಹಾಕಿಕೊಡಿ ಅಂತ ಈಗಲೂ ಕೆಲವರು ಬರುತ್ತಾರೆ. ಆ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಎನ್‌ವಿಡಿಯಾದ ಜಿಟಿಎಕ್ಸ್ 400, 500 ಸಾಲಿನಲ್ಲಿ ಒಂದು ಚಿಪ್ ಎರಡೇ ಪರದೆ ನಡೆಸುತ್ತಿತ್ತು. ಮೂರರಲ್ಲಿ ಆಡಬೇಕಾದರೆ ಸಾಮಾನ್ಯವಾಗಿ ಎರಡು ಕಾರ್ಡ್ ಬೇಕಿತ್ತು. ಎದುರಾಳಿ ಕಂಪನಿ ಎಎಂಡಿಯವರು 2009ರಲ್ಲೇ ಐಫಿನಿಟಿ ಅನ್ನೋ ತಂತ್ರಜ್ಞಾನ ತಂದು ಒಂದೇ ಕಾರ್ಡಿನಲ್ಲಿ ಮೂರು ಪರದೆ ತೋರಿಸಿದ್ದರು. ಎನ್‌ವಿಡಿಯಾದಲ್ಲಿ ಅದು ಬಂದಿದ್ದು 2012ರ ಜಿಟಿಎಕ್ಸ್ 680ರಿಂದ. ಈಗ ಎರಡು ಕಾರ್ಡ್ ಸೇರಿಸಿ ಆಡುವ ಕಾಲವೇ ಮುಗಿದಿದೆ. ಆರ್‌ಟಿಎಕ್ಸ್ 40 ಸಾಲಿನಿಂದ ಆ ಜೋಡಣೆಯ ಕೊಂಡಿಯನ್ನೇ ತೆಗೆದುಬಿಟ್ಟರು. ದಯವಿಟ್ಟು ಎರಡರ ದುಡ್ಡನ್ನು ಒಂದಕ್ಕೇ ಹಾಕಿ.

ಇನ್ನೊಂದು ದೂರು ಬರುತ್ತದೆ: ಗೇಮ್ ಆಡದೆ ಸುಮ್ನೆ ಇದ್ದರೂ ಕಾರ್ಡ್ ಬಿಸಿ, ಫ್ಯಾನ್ ಸದ್ದು. ಒಂದು ಮಾನಿಟರ್ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು), ಉಳಿದವು 60 ಇದ್ದಾಗ ಕೆಲವು ಕಾರ್ಡ್‌ಗಳು ಮೆಮೊರಿಯ ವೇಗವನ್ನು ಪೂರ್ತಿ ಇಳಿಸುವುದಿಲ್ಲ. 144ನ್ನು 120ಕ್ಕೆ ಇಳಿಸಿದರೆ ಎಷ್ಟೋ ಸಲ ತಣ್ಣಗಾಗುತ್ತದೆ, ಯಾವಾಗಲೂ ಅಲ್ಲ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಪಕ್ಕದ ಮಾನಿಟರ್‌ಗಳನ್ನು ಮದರ್‌ಬೋರ್ಡಿಗೆ ಹಾಕಿಯೂ ನೋಡಬಹುದು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇರುವುದಿಲ್ಲ. ಆಟದ ಮಾನಿಟರ್ ಮಾತ್ರ ಕಾರ್ಡಿಗೇ ಇರಲಿ.

ವೈಟ್‌ಫೀಲ್ಡ್‌ನವರು ಹೊಸ ಕಾರ್ಡಿಗೆ ಆರು ತಿಂಗಳು ಕಾಯ್ತೀನಿ ಅಂದಿದ್ದಾರೆ. ಅಲ್ಲಿವರೆಗೆ ನೆರಳು, ಪ್ರತಿಬಿಂಬ ಎಲ್ಲ ಕೆಳಗಿಳಿಸಿ, ರೆಸಲ್ಯೂಶನ್ ತಗ್ಗಿಸಿ 50ರ ಹತ್ತಿರ ತಂದು ಕೊಟ್ಟಿದ್ದೇನೆ. ತಿಪಟೂರಿನ ಹುಡುಗ ಮೊನ್ನೆ ಫೋನ್ ಮಾಡಿದ್ದ. "ಅಣ್ಣ, 144 ಮಾನಿಟರ್ ತಗೊಂಡ್ರೂ 60 ಅಷ್ಟೇ ಬರ್ತಿದೆ. ಕಾರ್ಡ್ ಸಾಲ್ತಿಲ್ವಾ?" ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗು, ಅಡ್ವಾನ್ಸ್ಡ್ ಒತ್ತು, ರಿಫ್ರೆಶ್ ರೇಟ್ ನೋಡು ಅಂದೆ. ಅಲ್ಲಿ 60ಕ್ಕೇ ನಿಂತಿತ್ತು, ಯಾರೂ ಬದಲಿಸಿರಲಿಲ್ಲ. ಒತ್ತಿದ. ಎರಡು ಸೆಕೆಂಡ್ ಮಾತಿಲ್ಲ. ಆಮೇಲೆ ಹಿಂದಿನಿಂದ ಅವರಪ್ಪನ ದನಿ ಕೇಳಿಸಿತು: "ಏನಂತೋ, ಇನ್ನೂ ದುಡ್ಡು ಬೇಕಂತಾ?"

"ಬೇಡ್ವಂತೆ ಅಪ್ಪಾ, ಸರಿಹೋಯ್ತು."